ಮೂಲೆ ಹಿಡಿದು ನಿಂತ ಹುಡುಗ

ಕನಕಗಿರಿ ಸೀಮೆಯಲ್ಲಿ ಜಾತ್ರೆಗೋ ಊರಹಬ್ಬಕ್ಕೋ ಹೊನಲು ಬೆಳಕಿನ ಕಬಡ್ಡಿ ಇಟ್ಟರೆ ಮೈಕಿನಲ್ಲಿ ಕೇಳುವುದೆಲ್ಲ ರೈಡರ್‌ಗಳ ಹೆಸರೇ. ಯಾವ ಊರಿನವನು, ಜೆರ್ಸಿ ನಂಬರು ಎಷ್ಟು, ಹಿಂದಿನ ಪಂದ್ಯದಲ್ಲಿ ಒಂದೇ ದಾಳಿಗೆ ಎಷ್ಟು ಮಂದಿಯನ್ನು ಹೊರಗೆ ಕೂರಿಸಿದ, ಎಲ್ಲವೂ ವಿವರಣೆಗಾರರಿಗೆ ಬಾಯಿಪಾಠ. ಆ ರೈಡರ್‌ನ ಕಾಲಿಗೆ ಬಿದ್ದು ಕೆಡವಿದ ಹುಡುಗನ ಸರದಿ ಬಂದಾಗ ಮಾತ್ರ ಮೈಕು ತಡವರಿಸುತ್ತದೆ. ‘ಕಾರ್ನರ್ ಆಟಗಾರನಿಂದ ಅದ್ಭುತ ಹಿಡಿತ’ ಎಂದು ಹೇಳಿ ಮುಂದಿನ ದಾಳಿಗೆ ಜಿಗಿಯುತ್ತದೆ. ಬಹುಮಾನ ಹಂಚುವಾಗ ‘ಬೆಸ್ಟ್ ರೈಡರ್’ ಕಪ್ಪು ದೊಡ್ಡದು, ‘ಬೆಸ್ಟ್ ಕ್ಯಾಚರ್’ ಕಪ್ಪು ಒಂದು ಗೇಣು ಸಣ್ಣದು. ಇದನ್ನು ಯಾರೂ ನಿಯಮ ಮಾಡಿ ಬರೆದಿಟ್ಟಿಲ್ಲ. ಆದರೂ ನಾನು ನೋಡಿದ ಬಹುತೇಕ ಊರುಗಳಲ್ಲಿ ಹಾಗೇ ಇದೆ.

ಈ ಸೀಮೆಯ ಹುಲಿಹೈದರ ಎಂಬ ಊರು ಮೊದಲು ಗಂಗಾವತಿ ತಾಲ್ಲೂಕಿನಲ್ಲಿತ್ತು, ಈಗ ಕನಕಗಿರಿ ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿ, ಕಾರಟಗಿ ಭತ್ತದ ಸಿರಿಯ ಊರುಗಳು. ಇತ್ತ ಬಂದಂತೆ ಮಳೆ ನಂಬಿದ ಹೊಲಗಳು, ಸಜ್ಜೆ, ಜೋಳ, ತೊಗರಿ. ಕ್ರಿಕೆಟ್ ಕಿಟ್ ಕೊಳ್ಳುವ ದುಡ್ಡು ಇಲ್ಲದ ಕಡೆ ಕಬಡ್ಡಿಗೆ ಒಂದಿಷ್ಟು ಸುಣ್ಣದ ಪುಡಿ ಸಾಕು. ಹಾಗಾಗಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಶಾಲೆಗಳಲ್ಲಿ ಈ ಆಟಕ್ಕೆ ಹುಡುಗರ ಕೊರತೆ ಎಂದೂ ಇರಲಿಲ್ಲ. ಕೊರತೆ ಇರುವುದು ಒಂದು ಜಾಗಕ್ಕೆ. ಆ ಜಾಗ ಅಂಕಣದ ಎರಡು ಮೂಲೆ.

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಪ್ರತಿ ತಂಡದ ಪಾಲಿಗೆ ಅರ್ಧ. ಏಳು ಮಂದಿ ಕೈ ಕೈ ಹಿಡಿದು ಕಮಾನಿನಂತೆ ನಿಂತಾಗ ಎರಡು ತುದಿಯಲ್ಲಿ ಇರುವವರು ಕಾರ್ನರ್‌ಗಳು. ಬೋನಸ್ ಗೆರೆ ದಾಟಲು ರೈಡರ್ ಕಾಲು ಚಾಚುವುದು ಅವರ ಮುಂದೆಯೇ. ಆ ಕಾಲು ನೆಲ ಬಿಟ್ಟು ನೆಲ ಮುಟ್ಟುವ ನಡುವಿನ ಹೊತ್ತಿನಲ್ಲಿ ಕಾರ್ನರ್ ತೀರ್ಮಾನ ಮಾಡಬೇಕು: ಹೋಗಬೇಕೋ, ತಡೆಯಬೇಕೋ. ಹೋದರೆ ಆ್ಯಂಕಲ್ ಹಿಡಿಯಬೇಕೋ, ತೊಡೆ ಹಿಡಿಯಬೇಕೋ. ಒಂದು ಸಲ ಕಾಲು ಸಿಕ್ಕ ಮೇಲೆ ಪಕ್ಕದ ಇನ್, ಕವರ್ ಸ್ಥಾನದವರು ಬಂದು ಮೈಮೇಲೆ ಬೀಳುವವರೆಗೆ ಒಬ್ಬನೇ ಎಳೆತ ತಡೆದುಕೊಳ್ಳಬೇಕು. ಉಳಿದವರು ಮುಗಿಸುವವರು. ಶುರು ಮಾಡುವವನು ಇವನು.

ತಪ್ಪಿನ ಬೆಲೆ ಮಾತ್ರ ರೈಡರ್‌ಗೂ ಇವನಿಗೂ ಒಂದೇ ಅಲ್ಲ. ರೈಡರ್ ಮೂವತ್ತು ಸೆಕೆಂಡು ಆ ಕಡೆ ಈ ಕಡೆ ಸುಳಿದು ಬರಿಗೈಲಿ ಮರಳಿದರೆ ಅಂಕಪಟ್ಟಿಯಲ್ಲಿ ಏನೂ ಆಗುವುದಿಲ್ಲ. ಲೀಗ್ ನಿಯಮದಲ್ಲಿ ಸತತ ಎರಡು ಖಾಲಿ ದಾಳಿ ಆದ ಮೇಲೆ ಮೂರನೆಯದು ಮಾತ್ರ ಮಾಡು ಇಲ್ಲವೇ ಮಡಿ. ಕಾರ್ನರ್‌ಗೆ ಆ ಸೌಲಭ್ಯ ಇಲ್ಲ. ಅರ್ಧ ಹೆಜ್ಜೆ ಮುಂಚೆ ಎರಗಿದರೆ ಎದುರಾಳಿಗೆ ಅಂಕ, ತಾನು ಹೊರಗೆ. ತನ್ನ ತಂಡ ಅಂಕ ತಂದು ಎಬ್ಬಿಸುವವರೆಗೆ ಕೂತು ನೋಡಬೇಕು. ಅಷ್ಟರಲ್ಲಿ ಆ ಮೂಲೆಗೆ ಅಭ್ಯಾಸವಿಲ್ಲದ ಇನ್ನೊಬ್ಬನನ್ನು ನಿಲ್ಲಿಸಿರುತ್ತಾರೆ, ಸರಪಳಿ ಸಡಿಲಾಗಿರುತ್ತದೆ, ಎರಡು ದಾಳಿಯಲ್ಲಿ ಆಲ್‌ಔಟ್. ಊರಿಗೆಲ್ಲ ನೆನಪಿರುವುದು ಮೊದಲು ಎರಗಿದವನ ತಪ್ಪು. ‘ಏ ತಮ್ಮಾ, ಅಡ್ವಾನ್ಸ್ ಹೋಗಬ್ಯಾಡಂತ ಎಷ್ಟ ಸಲ ಹೇಳ್ಬೇಕೋ’ ಎಂಬ ಕೂಗು ಗೆರೆಯ ಹೊರಗಿಂದ ಬರುತ್ತದೆ. ಹೋಗದೆ ನಿಂತು ರೈಡರ್ ಬೋನಸ್ ಕದ್ದರೂ ಅದೇ ಬಾಯಿ ಬೈಯುತ್ತದೆ.

ಹಾಗಾದರೆ ಹದಿನೇಳು ಹದಿನೆಂಟರ ಕಾರ್ನರ್ ಒಬ್ಬ ಫಾರ್ಮ್‌ನಲ್ಲಿದ್ದಾನೆ ಎಂದು ತಿಳಿಯುವುದು ಹೇಗೆ? ಆಯ್ಕೆಗಾರರು ನೋಡುವುದು ಟ್ಯಾಕಲ್ ಅಂಕ. ಐದು ಬಂದರೆ ಹೈ ಫೈವ್, ಚಪ್ಪಾಳೆ. ಆದರೆ ಆಟ ಬಲ್ಲ ರೈಡರ್ ಒಳ್ಳೆಯ ಕಾರ್ನರ್ ಇರುವ ಕಡೆ ಹೋಗುವುದೇ ಇಲ್ಲ. ಒಂದೆರಡು ಸಲ ಕಾಲು ಸಿಕ್ಕಿಬಿದ್ದ ಮೇಲೆ ಉಳಿದ ಆಟವನ್ನೆಲ್ಲ ಇನ್ನೊಂದು ಮೂಲೆಯಲ್ಲಿ ಆಡುತ್ತಾನೆ. ಪಂದ್ಯ ಮುಗಿದಾಗ ಬಲ ಮೂಲೆಯವನಿಗೆ ಎರಡು ಅಂಕ, ಎಡ ಮೂಲೆಯವನಿಗೆ ಆರು. ಕಾಗದದಲ್ಲಿ ಎಡಗಡೆಯವನು ಗೆದ್ದ. ಅಂಕಣದ ಅರ್ಧ ಭಾಗವನ್ನೇ ಎದುರಾಳಿಗೆ ಮುಚ್ಚಿದವನು ಬಲಗಡೆಯವನು. ಹೀಗೆ ಮುಚ್ಚಿದ ಬಾಗಿಲಿಗೆ ಅಂಕ ಕೊಡುವ ಪುಸ್ತಕ ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಇಲ್ಲ. ನನ್ನ ಪ್ರಕಾರ ಈ ಆಟದಲ್ಲಿ ಆಯ್ಕೆ ಹಾದಿ ತಪ್ಪುವುದು ಇಲ್ಲಿಂದಲೇ.

ಈ ಸಮಸ್ಯೆ ನಮಗೊಬ್ಬರಿಗೇ ಬಂದದ್ದಲ್ಲ. ಹೋಲಿಸಿ ನೋಡಲು ಆಸ್ಟ್ರೇಲಿಯಾದ ಫುಟ್‌ಬಾಲ್ ಒಳ್ಳೆಯ ಕನ್ನಡಿ. ಎತ್ತಣ ಹುಲಿಹೈದರ, ಎತ್ತಣ ಮೆಲ್ಬರ್ನ್ ಎನ್ನಬೇಡಿ, ಎರಡು ಆಟಕ್ಕೂ ನಂಟು ಆಗಲೇ ಬೆಳೆದಿದೆ. 2016ರಲ್ಲಿ ಅಹಮದಾಬಾದ್‌ನಲ್ಲಿ ಕಬಡ್ಡಿ ವಿಶ್ವಕಪ್ ನಡೆದಾಗ ಆಸ್ಟ್ರೇಲಿಯಾ ತಂಡದ ನಾಯಕ ಕ್ಯಾಂಪ್‌ಬೆಲ್ ಬ್ರೌನ್. ಹಾಥಾರ್ನ್ ಫುಟ್‌ಬಾಲ್ ಕ್ಲಬ್ಬಿನ 2008ರ ಪ್ರಶಸ್ತಿ ಗೆದ್ದ ತಂಡದಲ್ಲಿದ್ದ ರಕ್ಷಣಾ ಆಟಗಾರ. ಭಾರತ ಆ ತಂಡವನ್ನು 54–20ರಿಂದ ಸೋಲಿಸಿತು. ಮೈಕಟ್ಟಿನಲ್ಲಿ ಅವರು ನಮ್ಮವರಿಗಿಂತ ಏನೂ ಕಡಿಮೆ ಇರಲಿಲ್ಲ. ಕಾಲು ನೋಡಬೇಕಾದ ಕಡೆ ಎದೆ ನೋಡುತ್ತಿದ್ದರು, ಅಷ್ಟೇ. 2024ರ ಡಿಸೆಂಬರ್ 28ರಂದು ಮೆಲ್ಬರ್ನ್‌ನ ಜಾನ್ ಕೇನ್ ಅರೀನಾದಲ್ಲಿ ಪ್ರೊ ಕಬಡ್ಡಿಯವರು ಪ್ರದರ್ಶನ ಪಂದ್ಯ ಇಟ್ಟಾಗಲೂ ಆ ದೇಶದ ಮಾಜಿ ಫುಟ್‌ಬಾಲ್ ಆಟಗಾರರೇ ಎದುರಾಳಿಗಳಾಗಿ ಮ್ಯಾಟ್‌ಗೆ ಇಳಿದರು.

ಅವರ ಆಟ ಅಂಡಾಕಾರದ ದೊಡ್ಡ ಮೈದಾನದಲ್ಲಿ, ತಂಡಕ್ಕೆ ಹದಿನೆಂಟು ಮಂದಿಯಂತೆ. ಅದರ ಬೆನ್ನೆಲುಬಾಗಿ ಎರಡೂ ತುದಿಯಲ್ಲಿ ಎತ್ತರದ, ಗಟ್ಟಿ ಆಟಗಾರರನ್ನು ನಿಲ್ಲಿಸುತ್ತಾರೆ. ಗೋಲಿನ ಮುಂದೆ ಚೆಂಡನ್ನು ಗಾಳಿಯಲ್ಲೇ ಹಿಡಿಯುವ ಮುಂಚೂಣಿಯವರು, ಅವರನ್ನು ಹಿಡಿಯಗೊಡದ ಹಿಂಚೂಣಿಯವರು. ಇವನ್ನು ಅವರು ‘ಕೀ ಪೊಸಿಷನ್’ ಎನ್ನುತ್ತಾರೆ. ಕ್ಲಬ್ಬುಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಹದಿನೆಂಟಕ್ಕೆ ಬರುವ ಎರಡು ಮೀಟರ್ ಎತ್ತರದ ಹುಡುಗ ಮೂಳೆ ಚಕ್ಕಳ ಆಗಿರುತ್ತಾನೆ. ಅವನ ಎದುರು ನಿಲ್ಲುವವನು ಇಪ್ಪತ್ತೆಂಟರ, ನೂರು ಕಿಲೋ ತೂಗುವ ಗಂಡಸು. ಮೈದಾನದ ನಡುವೆ ಓಡಾಡುವ ಚಿಕ್ಕ ಆಟಗಾರರು ಮೊದಲ ವರ್ಷವೇ ಹೆಸರು ಮಾಡುತ್ತಾರೆ. ಎತ್ತರದವರಿಗೆ ನಾಲ್ಕೈದು ವರ್ಷ ಬೇಕು.

2015ರ ಡ್ರಾಫ್ಟ್‌ನಲ್ಲಿ ಕಾರ್ಲ್‌ಟನ್ ಕ್ಲಬ್ ಅಂಥ ಮೂವರನ್ನು ಒಟ್ಟಿಗೆ ಆರಿಸಿತು. ಒಂದನೇ ಆಯ್ಕೆ ಜೇಕಬ್ ವೀಟರಿಂಗ್, ಹತ್ತನೆಯದು ಹ್ಯಾರಿ ಮಕೇ, ಹನ್ನೆರಡನೆಯದು ಚಾರ್ಲಿ ಕರ್ನೋ. ಮಕೇ 2016ರಲ್ಲಿ ಹಿರಿಯ ತಂಡಕ್ಕೆ ಒಂದೂ ಪಂದ್ಯ ಆಡಲಿಲ್ಲ. 2021ರಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಕೋಲ್ಮನ್ ಪದಕ ಅವನದಾಯಿತು. ಕರ್ನೋ ಮೊಣಕಾಲಿನ ಗಾಯದಿಂದ 2020ರ ಇಡೀ ಋತು ಹೊರಗಿದ್ದ. 2022 ಮತ್ತು 2023ರಲ್ಲಿ ಅದೇ ಪದಕ ಅವನ ಕೊರಳಿಗೆ ಬಂತು. ವೀಟರಿಂಗ್ 2020ರಲ್ಲಿ ಕ್ಲಬ್ಬಿನ ಅತ್ಯುತ್ತಮ ಆಟಗಾರನಾದ. ಆರಿಸಿದ ದಿನಕ್ಕೂ ಹೆಸರಾದ ದಿನಕ್ಕೂ ನಡುವೆ ಐದಾರು ವರ್ಷ. ಜೆಸ್ಸಿ ಹೋಗನ್‌ನದು ಇನ್ನೂ ಉದ್ದದ ಕಥೆ. 2012ರಲ್ಲಿ, ಹದಿನೇಳನೇ ವಯಸ್ಸಿಗೆ ಮೆಲ್ಬರ್ನ್ ಕ್ಲಬ್ ಅವನನ್ನು ಹಿಡಿದಿಟ್ಟುಕೊಂಡಿತು. 2015ರಲ್ಲಿ ಮೊದಲ ಪಂದ್ಯ ಆಡಿ, ಆ ವರ್ಷದ ಉದಯೋನ್ಮುಖ ಆಟಗಾರನಾದ. ಆಮೇಲೆ ಗಾಯ, ಕಾಯಿಲೆ, ಊರು ಬದಲು. ಕೋಲ್ಮನ್ ಪದಕ ಬಂದದ್ದು 2024ರಲ್ಲಿ, ಮೂರನೇ ಕ್ಲಬ್ಬಿನ ಜೆರ್ಸಿಯಲ್ಲಿ.

ಇಷ್ಟು ಹೇಳಿ ನಿಲ್ಲಿಸಿದರೆ ಅಲ್ಲಿ ಎಲ್ಲ ಚಂದ ಎಂದಾಗುತ್ತದೆ. ಹಾಗಿಲ್ಲ. 2013ರ ಒಂದನೇ ಆಯ್ಕೆ ಟಾಮ್ ಬಾಯ್ಡ್ ಒಂದೇ ಋತುವಿನ ನಂತರ ವೆಸ್ಟರ್ನ್ ಬುಲ್‌ಡಾಗ್ಸ್‌ಗೆ ಏಳು ವರ್ಷದ ಭಾರಿ ಒಪ್ಪಂದಕ್ಕೆ ಹೋದ. 2016ರ ಫೈನಲ್‌ನಲ್ಲಿ ಮೂರು ಗೋಲು ಹೊಡೆದು, 1954ರ ನಂತರ ಕ್ಲಬ್ಬಿಗೆ ಮೊದಲ ಪ್ರಶಸ್ತಿ ತಂದವರಲ್ಲಿ ಒಬ್ಬನಾದ. 2019ರಲ್ಲಿ, ಇಪ್ಪತ್ಮೂರನೇ ವಯಸ್ಸಿಗೆ, ಮನಸ್ಸು ಮೈ ಎರಡೂ ಸೋತು ಆಟ ಬಿಟ್ಟ. ಎಳೆಯ ಹೆಗಲ ಮೇಲೆ ದೊಡ್ಡ ದುಡ್ಡಿನ ಮೂಟೆ ಹೊರಿಸಿದರೆ ಏನಾಗುತ್ತದೆ ಎಂಬುದೂ ಅಲ್ಲೇ ಕಾಣುತ್ತದೆ.

ನನಗೆ ಮುಖ್ಯವಾಗಿ ಕಂಡದ್ದು ಅವರ ದುಡ್ಡಲ್ಲ, ತಾಳ್ಮೆಯ ಗುಣವೂ ಅಲ್ಲ. ಅಲ್ಲಿನ ಅಭಿಮಾನಿಗಳು ನಮ್ಮಷ್ಟೇ ಅವಸರದವರು, ಎರಡು ಪಂದ್ಯ ಕೆಟ್ಟರೆ ಹುಡುಗನನ್ನು ತೆಗೆಯಿರಿ ಎನ್ನುವವರೇ. ಆದರೆ ಅಲ್ಲಿ ತೆಗೆದ ಹುಡುಗ ಮನೆಗೆ ಹೋಗುವುದಿಲ್ಲ. ಪ್ರತಿ ಕ್ಲಬ್ಬಿಗೂ ರಾಜ್ಯ ಲೀಗಿನಲ್ಲಿ ಆಡುವ ಎರಡನೇ ತಂಡವೋ, ಜೊತೆಗಾರ ತಂಡವೋ ಇದೆ. ಲಯ ತಪ್ಪಿದ ಎತ್ತರದ ಹುಡುಗ ಅದೇ ವಾರ ಅಲ್ಲಿ ಆಡುತ್ತಾನೆ, ಅದೇ ಅಡುಗೆಮನೆಯಲ್ಲಿ ಉಣ್ಣುತ್ತಾನೆ, ಅದೇ ತರಬೇತುದಾರರ ಕಣ್ಣೆದುರು ತಪ್ಪು ತಿದ್ದಿಕೊಳ್ಳುತ್ತಾನೆ. ನಮ್ಮಲ್ಲಿ ಪಟ್ಟಿಯಿಂದ ಹೆಸರು ಬಿಟ್ಟರೆ ಬಸ್ ಹತ್ತಿ ಊರಿಗೆ ಬರುವುದು, ಮುಂದಿನ ವರ್ಷದ ಕ್ರೀಡಾಕೂಟದವರೆಗೆ ಹೊಲ.

ನಮ್ಮ ಏಣಿಯ ಮೆಟ್ಟಿಲುಗಳು ಓದುಗರಿಗೆ ಗೊತ್ತಿರುವಂಥವೇ. ಹೋಬಳಿ, ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ. ಒಂದೊಂದು ಮೆಟ್ಟಿಲಿಗೂ ಒಂದೋ ಎರಡೋ ದಿನ. ಗೆದ್ದ ತಂಡ ಮೇಲೆ ಹೋಗುತ್ತದೆ. ಸೋತ ತಂಡದಲ್ಲಿ ಜಿಲ್ಲೆಯ ಅತಿ ಒಳ್ಳೆಯ ಕಾರ್ನರ್ ಇದ್ದರೂ ಅವನ ವರ್ಷ ಅಲ್ಲಿಗೆ ಮುಗಿಯಿತು. ಒಬ್ಬ ಒಳ್ಳೆಯ ರೈಡರ್ ಇದ್ದರೆ ಶಾಲಾ ಮಟ್ಟದ ಪಂದ್ಯ ಗೆಲ್ಲಬಹುದು. ಒಬ್ಬ ಒಳ್ಳೆಯ ಕಾರ್ನರ್‌ನಿಂದ ಅದು ಆಗುವುದಿಲ್ಲ, ಪಕ್ಕದವರೂ ಬೇಕು. ಹೀಗಾಗಿ ಗೆಲ್ಲಲೇಬೇಕಾದ ಪಿಟಿ ಮಾಸ್ತರರು ಚುರುಕಿನ ಹುಡುಗರನ್ನೆಲ್ಲ ರೈಡಿಗೆ ಹಾಕುತ್ತಾರೆ, ದಾಳಿಗೆ ಬಾರದವನಿಗೆ ‘ಹೋಗು, ಮೂಲ್ಯಾಗ ನಿಂದ್ರು’ ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ. ಒಂದೇ ಮಾಸ್ತರರು ಕಬಡ್ಡಿ, ಖೋಖೋ, ವಾಲಿಬಾಲ್, ಓಟ, ಬಿಸಿಯೂಟದ ಉಸ್ತುವಾರಿ ಎಲ್ಲ ನೋಡಬೇಕಾದ ಶಾಲೆಗಳು ಇಲ್ಲಿ ಬೇಕಾದಷ್ಟಿವೆ. ಆದರೆ ಕಾರ್ನರ್ ಸ್ಥಾನ ಉಳಿದವರಿಗೆ ಸಿಗುವ ಜಾಗ ಆದದ್ದು ಹೀಗೆ.

ತೂಕದ್ದು ಇನ್ನೊಂದು ಗೋಳು. ಹಿರಿಯ ಪುರುಷರಿಗೆ 85 ಕಿಲೋ, ಮಹಿಳೆಯರಿಗೆ 75 ಕಿಲೋ ಮಿತಿ. ಕಿರಿಯರಿಗೆ ಅದಕ್ಕೂ ಕಡಿಮೆ. ಮಿತಿ ಇಟ್ಟ ಉದ್ದೇಶ ನ್ಯಾಯವಾದದ್ದೇ, ಸಣಕಲ ಹುಡುಗನ ಮೇಲೆ ದಡೂತಿ ಹುಡುಗ ಬೀಳಬಾರದು. ಆಗುತ್ತಿರುವುದು ಏನೆಂದರೆ, ಹದಿನಾರರಲ್ಲಿ ಮೈ ತುಂಬಿಕೊಳ್ಳುತ್ತಿರುವ ಹುಡುಗ ತೂಕದ ಹಿಂದಿನ ದಿನ ಊಟ ಬಿಡುತ್ತಾನೆ, ನೀರು ಬಿಡುತ್ತಾನೆ, ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಓಡುತ್ತಾನೆ. ಎಳೆತ ತಡೆಯಬೇಕಾದ ಕಾರ್ನರ್ ಮರುದಿನ ಬೆಳಿಗ್ಗೆ ಬಳಲಿದ ಕಾಲಲ್ಲಿ ನಿಲ್ಲುತ್ತಾನೆ. ಅದೇ ವಯಸ್ಸಿನ ಎತ್ತರದ ಹುಡುಗನಿಗೆ ಮೆಲ್ಬರ್ನ್‌ನಲ್ಲಿ ಉಣಿಸಿ ಉಣಿಸಿ ತೂಕ ಏರಿಸುತ್ತಾರೆ, ನಾವು ಉಪವಾಸ ಕೆಡವಿ ಇಳಿಸುತ್ತೇವೆ.

ಉಣಿಸುವ ಮಾತು ಬಂದ ಮೇಲೆ ಮೊಟ್ಟೆಯ ವಿಷಯ ಹೇಳದೆ ಇರಲಾಗದು. ಅಪೌಷ್ಟಿಕತೆ ಹೆಚ್ಚಿದ್ದ ಏಳು ಜಿಲ್ಲೆಗಳ ಶಾಲೆಗಳಲ್ಲಿ 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಅದರಲ್ಲಿ ಕೊಪ್ಪಳವೂ ಒಂದು. ವಿರೋಧ ಎದ್ದಾಗ ನಮಗೆ ಮೊಟ್ಟೆ ಬೇಕು ಎಂದು ಗಟ್ಟಿ ದನಿಯಲ್ಲಿ ಹೇಳಿ ರಾಜ್ಯವೆಲ್ಲ ಕೇಳಿಸಿಕೊಳ್ಳುವಂತೆ ಮಾಡಿದವಳು ಗಂಗಾವತಿಯ ಒಬ್ಬ ಶಾಲಾ ಹುಡುಗಿ. ಈಗ ಆ ಯೋಜನೆ ಇಡೀ ರಾಜ್ಯದಲ್ಲಿ ಹತ್ತನೇ ತರಗತಿಯವರೆಗೆ ಇದೆ. ಹತ್ತು ಮುಗಿಸಿ ಕಾಲೇಜು ಮೆಟ್ಟಿಲು ಹತ್ತಿದವನಿಗೆ ಬಿಸಿಯೂಟವೂ ಇಲ್ಲ, ಮೊಟ್ಟೆಯೂ ಇಲ್ಲ. ಕಾರ್ನರ್ ಆಗುವವನ ತೊಡೆ, ಹೆಗಲು, ಮುಂಗೈ ಗಟ್ಟಿಯಾಗಬೇಕಾದದ್ದು ಸರಿಯಾಗಿ ಆ ಎರಡು ಮೂರು ವರ್ಷಗಳಲ್ಲಿ. ಅದೇ ವಯಸ್ಸಿಗೆ ಮನೆಯವರ ಜೊತೆ ಗುಳೆ ಹೋಗುವುದೂ ಶುರುವಾಗುತ್ತದೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನದೋ ಮಂಗಳೂರಿನದೋ ಕಟ್ಟಡದ ಕೆಲಸ, ಮಳೆ ಬಿದ್ದಾಗ ವಾಪಸ್ಸು. ಸಿಮೆಂಟ್ ಚೀಲ ಹೊತ್ತು ಮೈ ಗಟ್ಟಿಯಾಗುತ್ತದೆ ನಿಜ. ಎದುರಿನವನ ಕಾಲು ಓದುವ ಕಣ್ಣು ಅದರಿಂದ ಬೆಳೆಯುವುದಿಲ್ಲ.

ಮಣ್ಣು ಮತ್ತು ಮ್ಯಾಟ್ ವ್ಯತ್ಯಾಸವನ್ನೂ ಇಲ್ಲೇ ಹೇಳಿಬಿಡಬೇಕು. ಮಣ್ಣಿನಲ್ಲಿ ಬರಿಗಾಲ ರೈಡರ್‌ನ ಹಿಮ್ಮಡಿ ಬೆವರಿಗೆ ಜಾರುತ್ತದೆ, ಕಾರ್ನರ್ ಎರಡೂ ಕೈ ಗಂಟು ಹಾಕಿ ಹಿಡಿಯುವುದನ್ನು ಕಲಿಯುತ್ತಾನೆ. ಮ್ಯಾಟ್ ಮೇಲೆ ಷೂ ಹಾಕಿದ ಕಾಲು ಬೇರೆ, ತಿರುಗುವ ವೇಗ ಬೇರೆ, ಡೈವ್ ಹೊಡೆದರೆ ಮೊಣಕೈ ಸುಲಿಯುವ ಬಗೆ ಕೂಡ ಬೇರೆ. ಹತ್ತು ವರ್ಷ ಮಣ್ಣಿನಲ್ಲಿ ಆಡಿ ರಾಜ್ಯ ಮಟ್ಟದಲ್ಲಿ ಮೊದಲ ಸಲ ಮ್ಯಾಟ್ ಕಂಡ ರೈಡರ್ ಒಂದು ದಿನದಲ್ಲಿ ಹೊಂದಿಕೊಳ್ಳುತ್ತಾನೆ. ಕಾರ್ನರ್‌ನ ಲೆಕ್ಕವೆಲ್ಲ ಅರ್ಧ ಹೆಜ್ಜೆಯದು. ಅದು ಅಷ್ಟು ಬೇಗ ಕೂಡುವುದಿಲ್ಲ.

ದುಡ್ಡಿನ ಮಾರುಕಟ್ಟೆ ಮಾತ್ರ ಕಾರ್ನರ್ ಬೆಲೆಯನ್ನು ನಮಗಿಂತ ಮೊದಲೇ ಅರಿಯಿತು. 2018ರ ಪ್ರೊ ಕಬಡ್ಡಿ ಆರನೇ ಆವೃತ್ತಿಯಲ್ಲಿ ಯುಪಿ ಯೋಧಾ ತಂಡದ ಬಲ ಕಾರ್ನರ್ ನಿತೇಶ್ ಕುಮಾರ್, ಇನ್ನೂ ಎಳೆಯ ಹುಡುಗ, ಒಂದೇ ಋತುವಿನಲ್ಲಿ 100 ಟ್ಯಾಕಲ್ ಅಂಕ ಗಳಿಸಿದ ಮೊದಲಿಗನಾದ. ಎಂಟನೇ ಆವೃತ್ತಿಯಲ್ಲಿ ಪಟ್ನಾ ಪೈರೇಟ್ಸ್ ಸೇರಿದ ಇರಾನಿನ ಎಡ ಕಾರ್ನರ್ ಮೊಹಮ್ಮದ್‌ರೆಜಾ ಶಾದ್ಲೂಯಿ 89 ಟ್ಯಾಕಲ್ ಅಂಕದೊಂದಿಗೆ ಆ ಋತುವಿನ ಅತ್ಯುತ್ತಮ ರಕ್ಷಕ. ಹತ್ತನೇ ಆವೃತ್ತಿಯ ಹರಾಜಿನಲ್ಲಿ ಅವನ ಬೆಲೆ 2.35 ಕೋಟಿ ರೂಪಾಯಿ. ಮುಂದಿನ ಎರಡು ಹರಾಜಿನಲ್ಲೂ ಎರಡು ಕೋಟಿ ದಾಟಿತು. ಈ ಇಬ್ಬರಲ್ಲಿ ನನಗೆ ಕಾಣುವ ಸಮಾನ ಅಂಶ ಪ್ರತಿಭೆಗಿಂತ ಹೆಚ್ಚಾಗಿ ಇದು: ಎಡವಿದ ಪಂದ್ಯದ ಮರುದಿನವೂ ಅವರ ಮೂಲೆಯಲ್ಲಿ ಅವರನ್ನೇ ನಿಲ್ಲಿಸಲಾಯಿತು.

ಬೆಂಗಳೂರು ಬುಲ್ಸ್ ಕಥೆ ಇನ್ನೂ ಹತ್ತಿರದ್ದು. 2024ರ ಹನ್ನೊಂದನೇ ಆವೃತ್ತಿಯಲ್ಲಿ ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಅಂಕದ ಪ್ರದೀಪ್ ನರ್ವಾಲ್ ಆ ತಂಡದಲ್ಲಿದ್ದ. 22 ಪಂದ್ಯದಲ್ಲಿ ಗೆದ್ದದ್ದು ಎರಡು, ಸ್ಥಾನ ಕೊನೆಯದು. ಮರುವರ್ಷ ನಮ್ಮವರೇ ಆದ ಬಿ.ಸಿ. ರಮೇಶ್ ತರಬೇತುದಾರರಾಗಿ ಬಂದರು. ಬಂಗಾಳ ವಾರಿಯರ್ಸ್‌ಗೆ 2019ರಲ್ಲಿ, ಪುಣೇರಿ ಪಲ್ಟನ್‌ಗೆ 2024ರ ಮಾರ್ಚ್‌ನಲ್ಲಿ ಕಪ್ ಗೆಲ್ಲಿಸಿದವರು. ಪಲ್ಟನ್ ಗೆದ್ದ ಆ ಫೈನಲ್‌ನ ಅಂಕ 28–25. ರಕ್ಷಣೆ ಗೆದ್ದ ಪಂದ್ಯದ ಅಂಕ ಅಷ್ಟರಲ್ಲೇ ಇರುತ್ತದೆ. ಬುಲ್ಸ್ ಪರವಾಗಿ ಬಲ ಕಾರ್ನರ್ ಯೋಗೇಶ್ ದಹಿಯಾಗೆ ಹರಾಜಿನಲ್ಲಿ ಒಂದು ಕೋಟಿ ಮೀರಿದ ಬೆಲೆ ತೆತ್ತರು, ಇನ್ನೊಂದು ಮೂಲೆಯಲ್ಲಿ ದೀಪಕ್ ಶಂಕರ್ ನಿಂತ. ದೊಡ್ಡ ಹೆಸರಿನ ರೈಡರ್ ಇಲ್ಲದ ಆ ತಂಡ ಪ್ಲೇ-ಆಫ್‌ವರೆಗೆ ಹೋಯಿತು.

ಆದರೆ ಆ ಎರಡು ಮೂಲೆಯಲ್ಲಿ ನಿಂತವರು ಕರ್ನಾಟಕದ ಹುಡುಗರಲ್ಲ ಎಂಬುದನ್ನೂ ಗಮನಿಸಬೇಕು. ಕರಾವಳಿ ನಮಗೆ ಪ್ರಶಾಂತ್ ರೈ, ಸುಕೇಶ್ ಹೆಗ್ಡೆಯಂಥ ಲೀಗ್ ಆಟಗಾರರನ್ನು ಕೊಟ್ಟಿತು. ಇಬ್ಬರೂ ರೈಡರ್‌ಗಳು. ಹೆಣ್ಣುಮಕ್ಕಳ ಕಬಡ್ಡಿಯಲ್ಲಿ ರಾಜ್ಯದ ದಾಖಲೆ ಗಂಡಸರಿಗಿಂತ ಮೇಲು. ಏಷ್ಯನ್ ಗೇಮ್ಸ್‌ನಲ್ಲಿ 2010 ಮತ್ತು 2014ರಲ್ಲಿ ಚಿನ್ನ ಗೆದ್ದ ತಂಡಗಳಲ್ಲಿ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇಬ್ಬರೂ ಇದ್ದರು. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡಕ್ಕೆ ತೇಜಸ್ವಿನಿಯವರೇ ತರಬೇತುದಾರರು, ತಂಡದಲ್ಲಿ ಕರಾವಳಿಯ ಧನಲಕ್ಷ್ಮಿ ಪೂಜಾರಿ. ಆದರೆ ಹುಲಿಹೈದರದ ಕಡೆ ಹುಡುಗಿ ಕಾರ್ನರ್‌ಗೆ ಐದು ವರ್ಷ ಕಾಯಿರಿ ಎಂದರೆ ಮನೆಯವರು ನಗುತ್ತಾರೆ. ಅಷ್ಟರೊಳಗೆ ಆಕೆಯ ಮದುವೆ ಆಗಿರುತ್ತದೆ.

ಏನು ಮಾಡಬಹುದು? ದೊಡ್ಡ ಅಕಾಡೆಮಿ ಕಟ್ಟಿಸುವ ಘೋಷಣೆಗಳ ಮೇಲೆ ನನಗೆ ಆಸೆ ಕಡಿಮೆ, ಕಟ್ಟಡ ಏಳುವ ಹೊತ್ತಿಗೆ ಒಂದು ತಲೆಮಾರು ಮುಗಿದಿರುತ್ತದೆ. ಆಯ್ಕೆಯ ದಿನ ಮಾಡಬಹುದಾದ ಸಣ್ಣ ಕೆಲಸಗಳಿವೆ. ಜಿಲ್ಲಾ ಮಟ್ಟದಲ್ಲಿ ಸೋತ ತಂಡಗಳ ಕಾರ್ನರ್‌ಗಳನ್ನು ಉಳಿಸಿಕೊಂಡು, ಗೆದ್ದ ತಂಡದ ರೈಡರ್‌ಗಳ ಎದುರು ತಲಾ ಹತ್ತು ದಾಳಿ ಎದುರಿಸಲು ಬಿಡಬಹುದು. ಎಷ್ಟು ಹಿಡಿದ ಎಂಬುದರ ಜೊತೆ ಅವನ ಕಡೆ ರೈಡರ್ ಎಷ್ಟು ಸಲ ಬರಲು ಹಿಂಜರಿದ ಎಂಬುದನ್ನೂ ಬರೆದುಕೊಳ್ಳಬಹುದು. ಇದಕ್ಕೆ ಬೇಕಾದದ್ದು ಒಂದು ಪೆನ್ನು, ಒಂದು ನೋಟ್‌ಬುಕ್, ಸಂಜೆಯ ಒಂದು ಗಂಟೆ. ತೂಕ ನೋಡುವುದನ್ನು ಪಂದ್ಯದ ಬೆಳಿಗ್ಗೆಗೆ ಮಾತ್ರ ಬಿಡದೆ ವಾರದ ಮುಂಚೆ ಒಂದು ಸಲ, ಆ ದಿನ ಇನ್ನೊಂದು ಸಲ ನೋಡಿದರೆ ಉಪವಾಸ ಬಿದ್ದವನು ಸಿಕ್ಕಿಬೀಳುತ್ತಾನೆ. ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವದಂಥ ಸರ್ಕಾರಿ ಹಬ್ಬಗಳಿಗೆ ವೇದಿಕೆ, ಲೈಟು ಹೇಗೂ ಬರುತ್ತದೆ. ಅದರ ಖರ್ಚಿನ ಚೂರು ತೆಗೆದಿಟ್ಟರೆ ಜಿಲ್ಲಾ ಪಟ್ಟಿಯಿಂದ ಬಿಟ್ಟುಹೋದವರಿಗೆಂದೇ ಬೇಸಿಗೆಯಲ್ಲಿ ಒಂದು ಲೀಗ್ ನಡೆಸಬಹುದು.

ಪ್ರೊ ಕಬಡ್ಡಿ ತಂಡಗಳು ಹೊಸ ಹುಡುಗರನ್ನು ಆರಿಸುವ ಯೋಜನೆ ನೋಡುವುದು ಹದಿನೆಂಟರಿಂದ ಇಪ್ಪತ್ತೆರಡು ವಯಸ್ಸಿನವರನ್ನು. ಹುಲಿಹೈದರದ ಹುಡುಗನಿಗೆ ಆ ಕಿಟಕಿ ತೆರೆಯುವುದು ಪಿಯುಸಿ ಮುಗಿಯುವ ಹೊತ್ತಿಗೆ. ಮುಚ್ಚುವ ಹೊತ್ತಿಗೆ ಅವನು ಕಾರ್ನರ್ ಆಗಿ ಹದಕ್ಕೆ ಬರುತ್ತಿರುತ್ತಾನೆ. ನಡುವೆ ಎರಡು ಸಲ ಗುಳೆ ಹೋಗಿ ಬಂದಿದ್ದರೆ ಹದಕ್ಕೆ ಬರಲು ಇಪ್ಪತ್ನಾಲ್ಕು.